ಸಾಲಿನ ಕೊನೆಯವಳು ಗ್ಲೆನಿಸ್

ಗ್ಲೆನಿಸ್ ಪ್ಯಾಸ್ಕೊ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ ಎಂದಾಗ ಮೊದಲು ನಕ್ಕವಳು ಅವಳೇ. "ನನ್ ಬಗ್ಗೆ ಬರಿಯೋಕೆ ಏನಿದ್ಯೇ ಲಿನ್? ಬಸ್ ಓಡಿಸ್ದೆ, ಟೀ ಕುಡ್ದೆ, ಮಕ್ಕಳನ್ನ ಬೈದೆ. ಅರ್ಧ ಪುಟಾನೂ ಆಗಲ್ಲ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಪಾತ್ರೆ ಒರೆಸುತ್ತಲೇ, "ಆಗಸ್ಟಿನದ್ದನ್ನೂ ಬರಿ. ಅದನ್ನ ಬಿಟ್ರೆ ಮಿಕ್ಕಿದ್ದೆಲ್ಲ ಸುಳ್ಳಾಗತ್ತೆ," ಎಂದು ಸೇರಿಸಿದಳು.

ಆಗಸ್ಟಿನದ್ದನ್ನು ಬಿಟ್ಟೇ ಬರೆಯಬೇಕೆಂದು ನಾನು ಅಂದುಕೊಂಡಿದ್ದೆ. ನಾನು ಹುಟ್ಟಾ ಪುಕ್ಕಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ತಂತಿ ತೂಗಿ ಕೊಡುವ ನನಗೆ ಏಣಿಯ ನಾಲ್ಕನೇ ಮೆಟ್ಟಿಲು ಹತ್ತಿದರೂ ಕಾಲು ನಡುಗುತ್ತದೆ. ಆದರೂ ಪ್ರತಿ ಚಳಿಗಾಲ, ಅಂದರೆ ನಮ್ಮ ಕಡೆ ಜುಲೈ-ಆಗಸ್ಟಿನಲ್ಲಿ, ನಮ್ಮ ಕಣಿವೆಯ ಸ್ಕೀ ಕ್ಲಬ್ಬಿನವರ ಜೊತೆ ಬೆಟ್ಟದ ಮೇಲಿನ ಬೊಗಾಂಗ್ ಬಯಲಿಗೆ ಹತ್ತುತ್ತಿದ್ದೆ. ಅದಕ್ಕೆ ಒಂದೇ ಕಾರಣ, ಸಾಲಿನ ಕೊನೆಯಲ್ಲಿ ಗ್ಲೆನಿಸ್ ಇರುತ್ತಿದ್ದಳು.

ಅವಳು ಮೌಂಟ್ ಬ್ಯೂಟಿಯ ಶಾಲೆಯ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿದವಳು. ನಮ್ಮ ಊರಿನಲ್ಲಿ ಐವತ್ತರ ಒಳಗಿನವರೆಲ್ಲ ಅವಳ ಕೈಲಿ ಬೈಸಿಕೊಂಡವರೇ. ಗಂಡ ನೆವಿಲ್ ಒಂದು ಜುಲೈನಲ್ಲಿ ಬಿಸಿಲು ಹುಡುಕಿಕೊಂಡು ಕ್ವೀನ್ಸ್‌ಲ್ಯಾಂಡಿಗೆ ಹೋದವನು ಅಲ್ಲೇ ಉಳಿದುಬಿಟ್ಟ. ಅದನ್ನೂ ಅವಳು ಹವಾಮಾನದ ವಿಷಯದಂತೆ ಹೇಳುತ್ತಾಳೆ. ಸ್ಕೀ ಮೇಲೆ ಅವಳೇನೂ ಚುರುಕಲ್ಲ. ಕ್ಲಬ್ಬಿಗೆ ಸೇರಿದ ಮೊದಲ ವರ್ಷ ಯಾವಾಗಲೂ ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದಳಂತೆ. "ಹೆಂಗೂ ಕೊನೇಲಿರ್ತೀನಿ, ಒಂದು ಹೆಸರಾದ್ರೂ ಕೊಡಿ ಅಂದೆ, ಕಾವಲಿನವಳು ಅಂದ್ರು," ಎನ್ನುತ್ತಾಳೆ. ಅಂದಿನಿಂದ ಹಗ್ಗ, ಸೀಟಿ, ಸ್ಕೀಯ ಹರಿದ ಪಟ್ಟಿ ಕಟ್ಟುವ ತಂತಿ, ದೊಡ್ಡ ಫ್ಲಾಸ್ಕು ಎಲ್ಲ ಅವಳ ಬೆನ್ನಿಗೆ. ದಾರಿಯಲ್ಲಿ ನಿಂತು ಹೊರಟಾಗಲೆಲ್ಲ ಸಾಲಿನ ಮುಂದಿರುವ ಮುಖಂಡ ವಾರಿಕ್ ತನ್ನ ಸ್ಕೀ ಕೋಲುಗಳಲ್ಲಿ ಒಂದನ್ನು ಎತ್ತಿ ಕೇಳುತ್ತಾನೆ. ಗ್ಲೆನಿಸ್ ಎದುರಿಗಿರುವ ತಲೆಗಳನ್ನು ಎಣಿಸಿ, ತನ್ನನ್ನೂ ಸೇರಿಸಿಕೊಂಡು, ಲೆಕ್ಕ ಸರಿಯಿದ್ದರೆ ಎರಡು ಕೋಲು ಎತ್ತುತ್ತಾಳೆ. ಆ ಎರಡು ಕೋಲು ಕಂಡರೆ ನನಗೆ ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತು.

ಆ ಆಗಸ್ಟಿನಲ್ಲಿ ಡಲ್ಸಿ ರಂಡಲ್‌ಳನ್ನು ಬೆಟ್ಟಕ್ಕೆ ಎಳೆದುಕೊಂಡು ಬಂದವಳು ಗ್ಲೆನಿಸ್ಸೇ. ಇಬ್ಬರೂ ಒಂದೇ ತರಗತಿಯಲ್ಲಿ ಕೂತು ಓದಿದವರು. ಡಲ್ಸಿ ಒಂದು ಕಾಲಕ್ಕೆ ನಮ್ಮೆಲ್ಲರಿಗಿಂತ ಚೆನ್ನಾಗಿ ಸ್ಕೀ ಮಾಡುತ್ತಿದ್ದಳು. ಮೊಣಕಾಲಿನ ಕೀಲು ಬದಲಿಸಿದ ಮೇಲೆ ಎರಡು ವರ್ಷ ಹಿಮದ ಕಡೆ ತಲೆ ಹಾಕಿರಲಿಲ್ಲ. ಸ್ಕೀ ಬೇಡ, ಹಿಮದಲ್ಲಿ ಹೂತುಹೋಗದ ಹಾಗೆ ಬೂಟಿನ ಕೆಳಗೆ ಅಗಲದ ಸ್ನೋಶೂ ಕಟ್ಟಿಕೊಂಡು ಬಾತುಕೋಳಿ ಥರ ನಡೆದರಾಯಿತು ಎಂದು ಗ್ಲೆನಿಸ್ ಬೇಕರಿಯಲ್ಲಿ ಅವಳ ಬೆನ್ನು ಬಿದ್ದಾಗ ನಾನೂ ಅಲ್ಲೇ ಇದ್ದೆ.

"ಮಂಡಿಗೆ ಲೋಹ ಹಾಕ್ಸಿದೀನಿ ಕಣೆ. ಬಿದ್ರೆ ಏಳೋಕಾಗಲ್ಲ," ಎಂದಳು ಡಲ್ಸಿ.

"ಎತ್ತೋಕೆ ನಾನಿಲ್ವಾ? ನಿನ್ ಹಿಂದೇನೇ ಇರ್ತೀನಿ. ನನ್ ಮುಂದೆ ಇದ್ದೋರು ಇವತ್ತಿನವರೆಗೂ ಒಬ್ರೂ ಕಳೆದುಹೋಗಿಲ್ಲ."

"ನೆವಿಲ್ ಕಳೆದುಹೋದ್ನಲ್ಲೆ."

"ಅವನು ಸಾಲಲ್ಲೇ ಇರ್ಲಿಲ್ಲ ಬಿಡು."

ಡಲ್ಸಿ ನಕ್ಕಳು, ನಕ್ಕ ಮೇಲೆ ಒಪ್ಪಿಕೊಂಡಳು.

ಅವತ್ತು ನಾವು ಹತ್ತು ಜನ. ವಾರಿಕ್ ಮತ್ತು ಇನ್ನು ಮೂವರು ಸ್ಕೀ ಮೇಲೆ ಮುಂದೆ ಹೋಗಿ ದಾರಿ ಮಾಡುವವರು. ಅವರ ಹಿಂದೆ ಡಲ್ಸಿಯೂ ಸೇರಿ ಸ್ನೋಶೂಗಳ ನಾಲ್ವರು. ನಾನು ಸ್ಕೀ ಮೇಲಿದ್ದರೂ ಅವರಷ್ಟೇ ನಿಧಾನ, ಹಾಗಾಗಿ ಅವರ ಜೊತೆ. ಕೊನೆಗೆ ಗ್ಲೆನಿಸ್. ಮೇಲಿನ ಬಯಲಿನಲ್ಲಿ ಮರ ಕಡಿಮೆ, ಗುರುತಿಗೆ ಏನೂ ಇಲ್ಲ. ಮೂವತ್ತು ಮೀಟರಿಗೊಂದು ಎತ್ತರದ ಕಂಬ ನೆಟ್ಟು ಅದಕ್ಕೆ ನಂಬರು ಹೊಡೆದಿದ್ದಾರೆ. ನಂಬರು ಏರುವ ಕಡೆಗೆ ಕಂಬದಿಂದ ಕಂಬಕ್ಕೆ ಹೋದರೆ ಬೆಟ್ಟಕ್ಕೆ ಬಂದವರು ತಂಗುವ ಗುಡಿಸಲು ಸಿಗುತ್ತದೆ. ಕಂಬ ಬಿಟ್ಟು ಪೂರ್ವಕ್ಕೆ ಇನ್ನೂರು ಹೆಜ್ಜೆ ಹೋದರೆ ಹಿಮ ತುಟಿಯಂತೆ ಮುಂದಕ್ಕೆ ಚಾಚಿಕೊಂಡಿರುವ ಅಂಚು. ಅದರ ಕೆಳಗೆ ಏನೂ ಇಲ್ಲ, ಬರೀ ಪ್ರಪಾತ.

ಇನ್ನೂರ ಹನ್ನೆರಡನೇ ಕಂಬದ ಹತ್ತಿರ ಬಂಡೆಗಳ ಮರೆಯಲ್ಲಿ ಕೂತು ಊಟಕ್ಕೆ ಬ್ರೆಡ್ಡು, ಒಣಹಣ್ಣಿನ ಕೇಕು ಬಿಚ್ಚಿದ್ದೆವು. ಗಾಳಿ ತಿರುಗಿದ್ದು ಆಗಲೇ. ಹತ್ತು ನಿಮಿಷದಲ್ಲಿ ಬೆಟ್ಟದ ತಲೆ ಕಾಣಲಿಲ್ಲ, ಇನ್ನೈದು ನಿಮಿಷಕ್ಕೆ ನಮ್ಮ ಕಾಲಬುಡವೇ ಕಾಣಲಿಲ್ಲ.

"ಎದ್ದೇಳಿ, ಎದ್ದೇಳಿ. ಟೀ ಗುಡಿಸಲಲ್ಲಿ," ಎಂದು ವಾರಿಕ್ ಕೂಗಿದ.

ಎಲ್ಲರೂ ಟೋಪಿ ಎಳೆದು, ಕನ್ನಡಕ ಹಾಕಿ, ಬಾಯಿಗೆ ಬಟ್ಟೆ ಸುತ್ತಿಕೊಂಡೆವು. ಆ ಗಡಿಬಿಡಿಯಲ್ಲಿ ಡಲ್ಸಿ ಬಂಡೆಯ ಆ ಕಡೆ ಮೂತ್ರಕ್ಕೆ ಹೋದದ್ದನ್ನು ಯಾರೂ ನೋಡಲಿಲ್ಲ. ಹಾಗೆ ಹೋಗುವವರು ತಮ್ಮ ಚೀಲವನ್ನು ದಾರಿಯಲ್ಲೇ ಇಟ್ಟು ಹೋಗಬೇಕು, ಹಿಂದಿನವರಿಗೆ ಗುರುತಾಗಲಿ ಎಂದು ನಮ್ಮಲ್ಲಿ ಕಟ್ಟಳೆಯಿದೆ. ಒರೆಸಿಕೊಳ್ಳುವ ಕಾಗದ ಚೀಲದ ಒಳಗಿತ್ತೆಂದು ಅವಳು ಚೀಲವನ್ನೂ ಹೊತ್ತುಕೊಂಡೇ ಹೋಗಿದ್ದಳು.

ಸಾಲು ಹೊರಟು ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ, ಮಂಜಿನೊಳಗಿಂದ ಒಂದು ಆಕಾರ ನನ್ನ ಪಕ್ಕಕ್ಕೆ ಬಂತು. ಗಿಡ್ಡ ಆಳು, ಸ್ನೋಶೂ, ಮೈಯೆಲ್ಲ ಹಿಮ. ನನ್ನ ಕಿವಿಯ ಹತ್ತಿರ ಬಾಯಿಟ್ಟು, "ನಿಮ್ ಜೊತೆ ಬರ್ಲಾ?" ಎಂದ. ಬೆಟ್ಟದ ಮೇಲೆ ಹವೆ ಕೆಟ್ಟಾಗ ಬಂದವರನ್ನು ಯಾರು, ಎತ್ತ ಎಂದು ಕೇಳುವ ವಾಡಿಕೆ ನಮ್ಮಲ್ಲಿಲ್ಲ. ಜಾಗ ಬಿಡುತ್ತೇವೆ, ಆಮೇಲೆ ಟೀ ಕೊಡುತ್ತೇವೆ, ಹೆಸರು ಕೇಳುವುದು ಮೂರನೆಯದು. ನಾನು ತಲೆ ಆಡಿಸಿದೆ. ಸ್ವಲ್ಪ ನಿಂತು ನನ್ನ ಮುಂದೆ ಅವನಿಗೆ ಜಾಗ ಮಾಡಿಕೊಟ್ಟೆ. ಡಲ್ಸಿ ಉಳಿದ ಸ್ನೋಶೂಗಳವರ ಜೊತೆ ಮುಂದಿದ್ದಾಳೆ ಎಂದೇ ನನ್ನ ಎಣಿಕೆ.

ಮುಂದಿನ ಕಂಬದಲ್ಲಿ ವಾರಿಕ್ ಒಂದು ಕೋಲು ಎತ್ತಿದ. ಸಾಲು ಒತ್ತಿಕೊಂಡು ನಿಂತಿತು. ನಾನು ತಿರುಗಿ ನೋಡಿದೆ. ಗ್ಲೆನಿಸ್‌ಳ ಕೈಗವಸು ಗಾಳಿಯಲ್ಲಿ ಒಂದೊಂದೇ ತಲೆಯ ಕಡೆ ಚುಚ್ಚಿಕೊಂಡು ಹೋಯಿತು. ಮುಂದೆ ಒಂಬತ್ತು, ತಾನು ಹತ್ತು. ಎರಡು ಕೋಲು ಮೇಲೆದ್ದವು.

ಗುಡಿಸಲಿಗೆ ಒಂದೂಕಾಲು ಗಂಟೆ ಹಿಡಿಯಿತು. ನೆಲ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ಗೊತ್ತಾಗದ ಬಿಳುಪು. ಮುಂದಿನವನ ಬೆನ್ನು ಮಾತ್ರ ಕಾಣುತ್ತಿತ್ತು, ಅದೂ ಬಂದು ಬಂದು ಹೋಗುತ್ತಿತ್ತು. ನಾನು ಆ ಬೆನ್ನಿಗೆ ಕಣ್ಣು ಅಂಟಿಸಿಕೊಂಡು, ದೇವರನ್ನೂ ಗ್ಲೆನಿಸ್‌ಳನ್ನೂ ಒಟ್ಟಿಗೇ ನೆನೆದುಕೊಂಡು ನಡೆದೆ.

ಬಾಗಿಲು ಹಾಕಿ, ಒಲೆಗೆ ಸೌದೆ ತುಂಬಿದ ಮೇಲೆ ಎಲ್ಲರಿಗೂ ಜೀವ ಬಂತು. ಟೋಪಿಗಳು ಇಳಿದವು, ಬಟ್ಟೆಗಳಿಂದ ಹಬೆ ಎದ್ದಿತು. ಗ್ಲೆನಿಸ್ ನೆಲದ ಮೇಲೆ ಮಂಡಿಯೂರಿ ಚಾಚಿದ ಲೋಟಗಳಿಗೆಲ್ಲ ಟೀ ಬಗ್ಗಿಸುತ್ತಾ ಬಂದಳು. ಕೊನೆಯ ಲೋಟ ಹಿಡಿದಿದ್ದ ಕೈಗೆ ಕೆಂಪು ಗಡ್ಡವಿತ್ತು. ಅಂದರೆ ಕೈಯ ಮೇಲ್ಗಡೆ, ಮುಖದಲ್ಲಿ.

"ದೊಡ್ಡ ಉಪಕಾರ ಆಯ್ತಮ್ಮಾ. ನೀವ್ ಸಿಗ್ದಿದ್ರೆ ನಾನಿವತ್ತು ಅಲ್ಲೇ ಹೆಪ್ಪುಗಟ್ತಿದ್ದೆ," ಎಂದ ಗಡ್ಡದವನು.

ಗ್ಲೆನಿಸ್ ಬಗ್ಗಿಸುವುದನ್ನು ನಿಲ್ಲಿಸಿದಳು. "ನೀನು ಯಾರಪ್ಪ?"

"ಕ್ಲೈವ್ ಅಂತ. ವಾಂಗರಟ್ಟದವನು. ನಿಮ್ಮವರೊಬ್ರನ್ನ ಕೇಳ್ದೆ, ಬಾ ಅಂದ್ರು. ಬಂಡೆ ಹತ್ರ."

ಪ್ರತಿಯೊಬ್ಬರೂ ಪಕ್ಕದವರ ಮುಖ ನೋಡಿಕೊಂಡರು. ಹತ್ತು ಜನ ಬಂದಿದ್ದೇವೆ, ಹತ್ತರಲ್ಲಿ ಇವನೊಬ್ಬ. ಹಾಗಾದರೆ ನಮ್ಮವರು ಒಂಬತ್ತು.

"ಡಲ್ಸಿ," ಎಂದಳು ಗ್ಲೆನಿಸ್. ಕೂಗಲಿಲ್ಲ. ಮೂಲೆಯಲ್ಲಿ ಕೂತಿದ್ದಾಳೆಯೋ ಎಂಬಂತೆ ಒಂದು ಸಲ ಕರೆದಳು, ಅಷ್ಟೇ. ಫ್ಲಾಸ್ಕಿಗೆ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡಳು.

ಗಂಟೆ ಎರಡೂಮುಕ್ಕಾಲಾಗಿತ್ತು. ಐದೂವರೆಗೆಲ್ಲ ಕತ್ತಲು. ವಾರಿಕ್ ರೇಡಿಯೊದಲ್ಲಿ ರಕ್ಷಣಾ ತಂಡದವರನ್ನು ಹಿಡಿದ. ಈ ಗಾಳಿಯಲ್ಲಿ ಮೇಲೆ ಬರುವಷ್ಟರಲ್ಲಿ ಸಂಜೆ ಆರು ಗಂಟೆಯಾದರೂ ಆಗುತ್ತದೆ, ನೀವು ಇದ್ದಲ್ಲೇ ಇರಿ ಎಂದರು ಅವರು.

"ಕೇಳಿದ್ಯಲ್ಲ ಗ್ಲೆನ್," ಎಂದ ವಾರಿಕ್. "ಒಬ್ಳನ್ನ ಹುಡುಕೋಕೆ ಹೋಗಿ ಇಬ್ರಾಗೋದು ಬೇಡ."

"ಆರು ಗಂಟೆಗೆ ಅವಳಿರಲ್ಲ ವಾರಿಕ್."

"ಅದು ನಿಂಗೆ ಗೊತ್ತಿಲ್ಲ."

"ಗೊತ್ತು. ನಿಂಗೂ ಗೊತ್ತು. ಕಂಬ ಬಿಟ್ಟು ಹೋಗಲ್ಲ, ಹಗ್ಗ ಬಿಚ್ಚಲ್ಲ. ಜೊತೇಲಿ ಇನ್ನೊಬ್ರು ಸಾಕು."

ಗಡ್ಡದವನು ಎದ್ದು ನಿಂತ. ಅವನ ಬೆರಳು ಮೇಣದ ಬಣ್ಣಕ್ಕೆ ತಿರುಗಿದ್ದವು. "ನೀನು ಕೂತ್ಕೊಳಪ್ಪ, ನಿನ್ ತಪ್ಪೇನಿಲ್ಲ," ಎಂದಳು ಗ್ಲೆನಿಸ್. ಆಗ ನಾನು ಬರುತ್ತೇನೆ ಎಂದೆ. ಧೈರ್ಯದಿಂದ ಹೇಳಿದ್ದೇನಲ್ಲ. ಆ ಗುಡಿಸಲಿನಲ್ಲಿ ಕೂತು ಗಡಿಯಾರ ನೋಡುವುದಕ್ಕೆ ಇನ್ನೂ ಹೆಚ್ಚು ಹೆದರಿದ್ದೆ.

ಹೊರಗೆ ಸ್ಕೀ ಕಟ್ಟಿಕೊಳ್ಳುವಾಗ ಬಾಯಿ ಬಿಟ್ಟೆ. "ಗ್ಲೆನ್, ಅವನು ಕೇಳಿದ್ದು ನನ್ನನ್ನ. ತಲೆ ಆಡಿಸ್ದೆ. ನಿಂಗೆ ಹೇಳ್ಬೇಕು ಅಂತ ಹೊಳೀಲೇ ಇಲ್ಲ."

ಅವಳು ನನ್ನ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದಳು. ಗಂಟು ಎರಡು ಸಲ ಎಳೆದು ನೋಡಿದಳು. "ಬಾ ಅಂದಿದ್ದು ಸರೀನೇ. ಬರ್ಬೇಡ ಅನ್ನೋಕಾಗತ್ತಾ? ಎಣಿಸೋದು ನನ್ ಕೆಲ್ಸ. ನಾನು ಟೋಪಿ ಎಣಿಸ್ದೆ, ಮುಖ ನೋಡ್ಲಿಲ್ಲ. ಈಗ ಅಳ್ಬೇಡ, ಕಣ್ಣೀರು ರೆಪ್ಪೇಲಿ ಹೆಪ್ಪುಗಟ್ಟತ್ತೆ."

ಒಬ್ಬರು ಕಂಬ ಹಿಡಿದು ನಿಲ್ಲುವುದು, ಇನ್ನೊಬ್ಬರು ಹಗ್ಗದ ಉದ್ದಕ್ಕೆ ಹೋಗಿ ಮುಂದಿನ ಕಂಬ ಹುಡುಕುವುದು. ಸಿಕ್ಕಿದರೆ ಹಗ್ಗವನ್ನು ಎರಡು ಸಲ ಜಗ್ಗುವುದು. ಆಗ ನಿಂತವರು ಹೋಗಿ ಸೇರಿಕೊಳ್ಳುವುದು. ಮುಂದೆ ಹೋಗುವವಳು ಪ್ರತಿ ಸಲವೂ ಗ್ಲೆನಿಸ್. ನಾನು ಕಂಬ ತಬ್ಬಿಕೊಂಡು ನಿಲ್ಲುತ್ತಿದ್ದೆ. ನಾಲ್ಕು ಹೆಜ್ಜೆಗೆಲ್ಲ ಅವಳು ಇಲ್ಲವಾಗುತ್ತಿದ್ದಳು, ಕೈಯಲ್ಲಿ ಸರಿಯುವ ಹಗ್ಗ ಮಾತ್ರ ಉಳಿಯುತ್ತಿತ್ತು. ಕಂಬದಿಂದ ಕಂಬಕ್ಕೆ ನಂಬರು ಇಳಿಯುತ್ತಾ ಬಂತು. ಇನ್ನೂರ ನಲವತ್ತು, ಇನ್ನೂರ ಮೂವತ್ತೈದು. ನಡುನಡುವೆ ಸೀಟಿ ಊದಿ ಕಿವಿಗೊಡುತ್ತಿದ್ದೆವು. ಗಾಳಿ ಬಿಟ್ಟರೆ ಏನೂ ಇಲ್ಲ.

ಇನ್ನೂರ ಇಪ್ಪತ್ತೆಂಟರಲ್ಲಿ ನಿಂತಿದ್ದಾಗ ಹಗ್ಗ ಪೂರ್ತಿ ಚಾಚಿಕೊಂಡು ಬಿಗಿಯಾಯಿತು. ಜಗ್ಗು ಬರಲಿಲ್ಲ. ಹಗ್ಗ ಎಡಕ್ಕೆ ಸರಿಯಿತು, ಆಮೇಲೆ ಬಲಕ್ಕೆ, ಪೂರ್ವದ ಕಡೆಗೆ. ಅವಳು ಕಂಬ ಸಿಗದೆ ತಡಕಾಡುತ್ತಿದ್ದಾಳೆ ಎಂದು ತಿಳಿಯಿತು. ಇದ್ದಕ್ಕಿದ್ದಂತೆ ಹಗ್ಗ ಸಡಿಲವಾಯಿತು. ಒಂದು ಕ್ಷಣ ಜೋರಾಗಿ ಸೆಳೆದು ಮತ್ತೆ ಸತ್ತ ಹಾಗೆ ಬಿದ್ದುಕೊಂಡಿತು. ಅವಳ ಹೆಸರು ಕೂಗಿದೆ, ನನಗೇ ಕೇಳಿಸಲಿಲ್ಲ. ಹಗ್ಗ ಎಳೆಯಲೋ ಬೇಡವೋ ಗೊತ್ತಾಗಲಿಲ್ಲ. ಎಳೆದು, ಆ ತುದಿಯಲ್ಲಿ ಯಾರೂ ಇಲ್ಲದೆ ಬರೀ ಹಗ್ಗ ಬಂದುಬಿಟ್ಟರೆ? ಎರಡು ಕೈಯಲ್ಲೂ ಕಂಬ ಹಿಡಿದುಕೊಂಡು ಮಗುವಿನ ಹಾಗೆ ಅಳುತ್ತಾ ನಿಂತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆಗ ನಾನು ಡಲ್ಸಿಯನ್ನು ಪೂರ್ತಿ ಮರೆತಿದ್ದೆ.

ಎರಡು ಜಗ್ಗು ಬಂತು. ಹೋಗಿ ನೋಡಿದರೆ ಗ್ಲೆನಿಸ್ ಹಿಮದಲ್ಲಿ ಮಕಾಡೆ ಬಿದ್ದಿದ್ದಳು. ಕಂಬ ಮುರಿದು ಹೂತುಹೋಗಿತ್ತು, ಅದಕ್ಕೇ ಎಡವಿದ್ದಳು. "ಮೂಗಲ್ಲಿ ಹುಡುಕ್ಬೇಕಾಯ್ತು," ಎಂದು ಎದ್ದಳು. ಅವಳ ತುಟಿಯಿಂದ ರಕ್ತ ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಇನ್ನೂರ ಹನ್ನೆರಡಕ್ಕೆ ತಲುಪಿದಾಗ ನಾಲ್ಕು ಗಂಟೆ. ಅಲ್ಲಿ ಯಾರೂ ಇರಲಿಲ್ಲ. ಬಂಡೆಯ ಸುತ್ತ ಹೋದೆವು, ಊಟಕ್ಕೆ ಕೂತ ಗುರುತೂ ಅಳಿಸಿಹೋಗಿತ್ತು. ಸೀಟಿ ಊದಿದೆವು. ಗ್ಲೆನಿಸ್ ಕನ್ನಡಕ ತೆಗೆದು ಹಣೆಗೇರಿಸಿದಳು. ಏನು ಮಾಡಬೇಕೆಂದು ಗೊತ್ತಿಲ್ಲದ ಗ್ಲೆನಿಸ್‌ಳನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ದಾರಿ ತಪ್ಪಿದವರು ಗಾಳಿಗೆ ಬೆನ್ನು ಕೊಟ್ಟೇ ನಡೆಯುತ್ತಾರೆ, ಅದು ನಮ್ಮೂರಿನವರಿಗೆಲ್ಲ ಗೊತ್ತು. ಬೆನ್ನು ಕೊಟ್ಟು ನಡೆದರೆ ನೇರ ಆ ಅಂಚು. ನಾವಿಬ್ಬರೂ ಆ ಕಡೆ ನೋಡಿದೆವು.

"ಮೂತ್ರಕ್ಕೆ ಹೋಗಿದ್ರೆ ಅವಳು ಬಂಡೆ ಹಿಂದಿಂದ ಬಂದಿರ್ತಾಳೆ," ಎಂದಳು ಗ್ಲೆನಿಸ್, ತನಗೆ ತಾನೇ. "ಈ ಕಡೆ ಬಂದ್ರೆ ಈ ಕಂಬ. ಆ ಕಡೆ ಬಂದ್ರೆ?"

ಆ ಕಡೆ ಬಂದರೆ ಇನ್ನೂರ ಹನ್ನೊಂದು. ಮತ್ತೆ ಹಗ್ಗ ಕೈಯಿಂದ ಸರಿಯುತ್ತಾ ಹೋಯಿತು. ಎರಡು ಜಗ್ಗು ಬಂತು, ಮೂರನೆಯದೂ ಬಂತು, ಆಮೇಲೆ ನಿಲ್ಲದೆ ಬರುತ್ತಲೇ ಇತ್ತು.

ಕಂಬದ ಮಗ್ಗುಲಲ್ಲಿ ಹಿಮದ ಒಂದು ಗುಡ್ಡೆ. ಗ್ಲೆನಿಸ್ ಅದನ್ನು ಎರಡು ಕೈಯಿಂದ ಬಾಚುತ್ತಿದ್ದಳು. ಒಳಗಿಂದ ಡಲ್ಸಿಯ ನೀಲಿ ಟೋಪಿ ಬಂತು, ಮುಖ ಬಂತು. ಚೀಲದ ಮೇಲೆ ಕೂತು, ಕಂಬಕ್ಕೆ ಒರಗಿ, ಮಂಡಿ ತಬ್ಬಿಕೊಂಡಿದ್ದಳು.

"ಟೀ ತಂದ್ಯಾ?" ಎಂದಳು ಡಲ್ಸಿ. ನಾಲಿಗೆ ತೊದಲುತ್ತಿತ್ತು.

ಗ್ಲೆನಿಸ್ ಅವಳ ಕೆನ್ನೆ, ಕೈ, ಕಾಲು ಎಲ್ಲ ತಿಕ್ಕಿದಳು. ತನ್ನ ಒಣ ಕೈಗವಸು ತೊಡಿಸಿದಳು. ನಾನು ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಬಾಯಿಗೆ ಹಿಡಿದೆ. ಎರಡು ಗುಟುಕು ಹೋದ ಮೇಲೆ ಡಲ್ಸಿಗೆ ಮಾತು ಬಂತು.

"ಚೀಲ ದಾರೀಲಿ ಬಿಡ್ಬೇಕಿತ್ತು, ಬೈಬೇಡ. ಆದ್ರೆ ನಂಗೆ ಹೆದ್ರಿಕೆ ಆಗ್ಲಿಲ್ಲ ಗೊತ್ತಾ? ಒಂದು ಚೂರೂ ಇಲ್ಲ. ಗ್ಲೆನ್ ಎಣಿಸ್ತಾಳೆ, ಒಂದು ಕಮ್ಮಿ ಬರತ್ತೆ, ತಿರುಗಿ ಬರ್ತಾಳೆ, ನಾನು ಅಲ್ಲಾಡ್ದೆ ಕೂತಿದ್ರೆ ಸಾಕು ಅಂತ ಹೇಳ್ಕೊಂಡು ಕೂತೆ. ಈಗ ಬರ್ತಿದಾಳೆ, ಈಗ ಬರ್ತಿದಾಳೆ ಅಂತ. ಸ್ವಲ್ಪ ತಡ ಮಾಡಿದ್ರಿ, ಅಷ್ಟೆ."

ಹೂಂ ಅಂದುಬಿಡು ಎಂದು ನಾನು ಮನಸ್ಸಿನಲ್ಲೇ ಗ್ಲೆನಿಸ್‌ಳನ್ನು ಬೇಡಿಕೊಂಡೆ. ಆಮೇಲೆ ಯಾವತ್ತಾದರೂ ಬೇಕರಿಯಲ್ಲಿ ಕೂತು, ಬಿಸಿಬಿಸಿಯಾಗಿ ಏನಾದರೂ ತಿನ್ನುತ್ತಾ ಹೇಳಿಕೊಂಡರಾಯಿತು. ಈಗಲೇ ಯಾಕೆ? ಆದರೆ ಅವಳು ಒಂದು ಮಗುವಿಗೂ ಸುಳ್ಳು ಹೇಳಿದವಳಲ್ಲ.

"ಎಣಿಸ್ದೆ ಡಲ್ಸಿ," ಎಂದಳು. "ಲೆಕ್ಕ ಸರಿಯಾಗೇ ಬಂತು. ಯಾರೋ ಹೊರಗಿನವನು ಸಾಲಿಗೆ ಸೇರ್ಕೊಂಡಿದ್ದ. ಅವನನ್ನ ನೀನು ಅಂದ್ಕೊಂಡೆ. ಗುಡಿಸಲಿಗೆ ಹೋಗಿ ಟೀ ಬಗ್ಗಿಸೋವರೆಗೂ ನೀನಿಲ್ಲ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಡಲ್ಸಿ ಟೀಯ ಮುಚ್ಚಳದಿಂದ ಬಾಯಿ ತೆಗೆದಳು. "ಅಂದ್ರೆ ಅಷ್ಟು ಹೊತ್ತೂ ಯಾರೂ ಬರ್ತಿರ್ಲಿಲ್ಲ," ಎಂದಳು.

"ಇಲ್ಲ."

"ಅವನು ಟೋಪಿ ತೆಗೀದೆ ಹಂಗೇ ಮೂಲೇಲಿ ಮಲಗಿಬಿಟ್ಟಿದ್ರೆ?"

ಗ್ಲೆನಿಸ್ ಅವಳ ಸೊಂಟಕ್ಕೆ ಹಗ್ಗ ಸುತ್ತತೊಡಗಿದಳು. ಆಗ ಡಲ್ಸಿ ನಡುಗಲು ಶುರುಮಾಡಿದಳು. ಚಳಿಯ ನಡುಕ ಹಾಗಿರುವುದಿಲ್ಲ. ಎರಡೂವರೆ ಗಂಟೆ ಒಬ್ಬಳೇ ಕೂತಾಗ ಬರದಿದ್ದ ಹೆದರಿಕೆಯೆಲ್ಲ ನಾವಿಬ್ಬರು ಪಕ್ಕದಲ್ಲಿರುವಾಗ ಬಂತು. ಮುಚ್ಚಳದಲ್ಲಿದ್ದ ಟೀ ಪೂರ್ತಿ ನನ್ನ ತೋಳಿನ ಮೇಲೆ ಚೆಲ್ಲಿತು.

ಎಬ್ಬಿಸಿ ಹೊರಡಿಸಿದೆವು. ಹಗ್ಗದಲ್ಲಿ ನಾನು ಮುಂದೆ, ಡಲ್ಸಿ ನಡುವೆ, ಗ್ಲೆನಿಸ್ ಹಿಂದೆ. ಗಾಳಿ ಒಂದಿಷ್ಟು ಇಳಿದಿತ್ತು, ಒಂದು ಕಂಬದಿಂದ ಇನ್ನೊಂದು ಮಸುಕಾಗಿ ಕಾಣುತ್ತಿತ್ತು. ಬೇಗ ಹೋಗಬಹುದಿತ್ತು. ಆದರೆ ಹತ್ತು ಹೆಜ್ಜೆಗೊಮ್ಮೆ ಹಗ್ಗ ನನ್ನ ಸೊಂಟ ಹಿಡಿದು ನಿಲ್ಲಿಸುತ್ತಿತ್ತು. ತಿರುಗಿದರೆ ಡಲ್ಸಿ ಹಿಂದೆ ನೋಡುತ್ತಾ ನಿಂತಿರುತ್ತಿದ್ದಳು.

"ಗ್ಲೆನ್?"

"ಇದೀನಿ."

ಮತ್ತೆ ಹತ್ತು ಹೆಜ್ಜೆ.

"ಗ್ಲೆನ್, ಇದೀಯಾ?"

"ಇದೀನಿ ಕಣೆ. ನಡಿ."

ಗುಡಿಸಲಿನ ಬೆಳಕು ಕಾಣುವವರೆಗೂ ಅದೇ ಆಯಿತು. ಗ್ಲೆನಿಸ್ ಒಂದು ಸಲವೂ ಬೇಸರಿಸಲಿಲ್ಲ, ರೇಗಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ಉತ್ತರ ಕೇಳಿಸಿದ ಮೇಲೂ ಡಲ್ಸಿ ಮುಂದೆ ನಡೆಯುತ್ತಿರಲಿಲ್ಲ. ಹಿಂದಕ್ಕೆ ಹೋಗಿ, ಕೈಗವಸು ತೆಗೆದು, ಗ್ಲೆನಿಸ್‌ಳ ಮುಖ ಮುಟ್ಟಿ ನೋಡಿ, ಆಮೇಲೆ ಹೊರಡುತ್ತಿದ್ದಳು.